ಮೀಡಿಯಾ ಸೆಂಟರ್‌ನಲ್ಲಿ ಅರ್ಧ ಚಾನೆಲ್ ಬರುತ್ತೆ, ಅರ್ಧ ಬರಲ್ಲ: ಸಾಫ್ಟ್‌ವೇರ್ ತಪ್ಪೋ, ಡಿಶ್ ತಪ್ಪೋ?

ಮಾಳಿಗೆಡಿಶ್ · ಶನಿವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಗೊತ್ತಿರೋರು ದಾರಿ ತೋರಿಸಿ.

ಟಿವಿ ಪಕ್ಕ ಒಂದು ಸಣ್ಣ ಕಂಪ್ಯೂಟರ್ ಇಟ್ಟಿದ್ದೀನಿ. ಲಿನಕ್ಸ್, ಅದರ ಮೇಲೆ ಚಾನೆಲ್ ಹಿಡಿದು ರೆಕಾರ್ಡ್ ಮಾಡೋ ಟಿವಿಹೆಡ್‌ಎಂಡ್ ಸಾಫ್ಟ್‌ವೇರ್, ನೋಡೋಕೆ ಕೋಡಿ ಅನ್ನೋ ಪ್ಲೇಯರ್. ಮಾಳಿಗೆ ಮೇಲೆ ಕೆಯು ಬ್ಯಾಂಡ್ ಡಿಶ್, ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸೋ ಭಾಗ). ಅಲ್ಲಿಂದ ಕೆಳಗೆ ಸುಮಾರು 30 ಮೀಟರ್ ಆರ್‌ಜಿ-6 ಕೇಬಲ್. ಟ್ಯೂನರ್ ಯುಎಸ್‌ಬಿಯದ್ದು, ಉಪಗ್ರಹ ಟಿವಿಯ ಡಿವಿಬಿ-ಎಸ್2 ಪದ್ಧತಿಯದ್ದು, ಅದಕ್ಕೆ ಬೇರೆ ಪವರ್ ಅಡಾಪ್ಟರ್ ಇದೆ.

ಸ್ಕ್ಯಾನ್ ಮಾಡಿದರೆ ಹೆಚ್ಚುಕಡಿಮೆ ಅರ್ಧ ಮಕ್ಸ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರೋ ಚಾನೆಲ್ ಗುಂಪುಗಳು) ಸಿಗುತ್ತವೆ, ಮಿಕ್ಕಿದ್ದೆಲ್ಲ ಫೇಲ್. ಸಿಕ್ಕಿದ ಚಾನೆಲ್‌ಗಳು ಕನ್ನಡಿ ಹಾಗೆ ಸ್ವಚ್ಛವಾಗಿ ಬರುತ್ತವೆ. ಅದೇ ಕೇಬಲನ್ನ ಕಿತ್ತು ಹಳೇ ಸೆಟ್‌ಟಾಪ್ ಬಾಕ್ಸ್‌ಗೆ ಹಾಕಿದರೆ ಎಲ್ಲಾ ಚಾನೆಲ್ ಬರುತ್ತೆ. ಹಾಗಾಗಿ ಡಿಶ್ ಸರಿಯಿದೆ, ಸಾಫ್ಟ್‌ವೇರ್‌ದೇ ತೊಂದರೆ ಅಂದುಕೊಂಡು ಮೂರು ಸಲ ಎಲ್ಲಾ ಅಳಿಸಿ ಹೊಸದಾಗಿ ಹಾಕಿದೆ. ಟ್ಯೂನರ್ ಫರ್ಮ್‌ವೇರ್ ಬದಲಾಯಿಸಿದೆ. ಕರ್ನಲ್ ಬದಲಾಯಿಸಿದೆ. ಫಲಿತಾಂಶ ಒಂದೇ.

ಇನ್ನೊಂದು ಸಣ್ಣ ತೊಂದರೆ: ಸುದ್ದಿ ಚಾನೆಲ್‌ಗಳಲ್ಲಿ ಕೆಳಗೆ ಓಡೋ ಅಕ್ಷರಗಳ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡು ಕಾಣುತ್ತೆ.

ಇಷ್ಟು ಹಟ ಯಾಕೆ ಅಂದರೆ, ಅಮ್ಮನಿಗೆ ಮೂರು ರಿಮೋಟ್ ಹಿಡಿದು ಕೂರೋದು ಕಷ್ಟ. ಹಾಡು, ಮನೆಯ ಫೋಟೊ, ಟಿವಿ, ರೆಕಾರ್ಡ್ ಮಾಡಿದ ಕಾರ್ಯಕ್ರಮ ಎಲ್ಲಾ ಒಂದೇ ಪರದೆ, ಒಂದೇ ರಿಮೋಟ್‌ನಲ್ಲಿ ಸಿಗಬೇಕು ಅನ್ನೋದು ನನ್ನ ಆಸೆ.

ಹಳೇರೇಡಿಯೊ · ಶನಿವಾರ, ರಾತ್ರಿ 10:51

ಸಾಫ್ಟ್‌ವೇರ್ ಮತ್ತೆ ಅಳಿಸಬೇಡಿ. ಅರ್ಧ ಬರುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಟಿವಿಹೆಡ್‌ಎಂಡ್‌ನಲ್ಲಿ ಎಲ್‌ಎನ್‌ಬಿ ಬಗೆಯನ್ನೇ ತಪ್ಪಾಗಿ ಆರಿಸಿದ್ದರೆ, ಉದಾಹರಣೆಗೆ 5150 ಮೆಗಾಹರ್ಟ್ಸ್‌ನ ಸಿ ಬ್ಯಾಂಡ್ ಎಲ್‌ಎನ್‌ಬಿ ಅಂತ ಕೊಟ್ಟಿದ್ದರೆ, ಒಂದೂ ಬರುತ್ತಿರಲಿಲ್ಲ. ಡ್ರೈವರ್ ಕೆಟ್ಟಿದ್ದರೂ ಒಂದೂ ಬರುತ್ತಿರಲಿಲ್ಲ.

ಯೂನಿವರ್ಸಲ್ ಎಲ್‌ಎನ್‌ಬಿಯನ್ನು ನಾಲ್ಕು ಕೋಣೆಯ ಮನೆ ಅಂತ ಭಾವಿಸಿ. ಎರಡು ಕೀಲಿಗಳು. ಮೊದಲನೆಯದು ವೋಲ್ಟೇಜ್: ಟ್ಯೂನರ್ ಕೇಬಲ್ ಮೂಲಕ 13 ವೋಲ್ಟ್ ಕಳಿಸಿದರೆ ವರ್ಟಿಕಲ್ ಪೋಲರೈಸೇಶನ್, ಅಂದರೆ ಲಂಬವಾಗಿ ಕಂಪಿಸುವ ಅಲೆಗಳು, 18 ಕಳಿಸಿದರೆ ಹಾರಿಜಾಂಟಲ್, ಅಡ್ಡಲಾಗಿ ಕಂಪಿಸುವವು. ಎರಡನೆಯದು 22 ಕಿಲೋಹರ್ಟ್ಸ್ ಟೋನ್: ಅದು ಇಲ್ಲದಿದ್ದರೆ ಕೆಳಗಿನ ಬ್ಯಾಂಡ್, ಅಂದರೆ 10.7ರಿಂದ 11.7 ಗಿಗಾಹರ್ಟ್ಸ್, ಇದ್ದರೆ ಮೇಲಿನ ಬ್ಯಾಂಡ್, 11.7ರಿಂದ 12.75. ಕೆಳಗಿನದಕ್ಕೆ ಎಲ್‌ಎನ್‌ಬಿ 9.75 ಗಿಗಾಹರ್ಟ್ಸ್ ಕಳೆಯುತ್ತದೆ, ಮೇಲಿನದಕ್ಕೆ 10.6 ಕಳೆಯುತ್ತದೆ. ಉಳಿದದ್ದು 950ರಿಂದ 2150 ಮೆಗಾಹರ್ಟ್ಸ್ ಒಳಗೆ ಬಂದು ನಿಮ್ಮ ಕೇಬಲ್‌ನಲ್ಲಿ ಇಳಿಯುತ್ತದೆ.

ಈಗ ಒಂದು ಕಾಗದ ತೆಗೆದುಕೊಂಡು, ಬಂದ ಮಕ್ಸ್‌ಗಳು ಯಾವುವು, ಬಾರದ್ದು ಯಾವುವು ಅಂತ ಫ್ರೀಕ್ವೆನ್ಸಿ, ಪೋಲರೈಸೇಶನ್ ಸಮೇತ ಬರೆಯಿರಿ. ನಾಲ್ಕರಲ್ಲಿ ಯಾವ ಕೋಣೆ ಕತ್ತಲಾಗಿದೆ ಅಂತ ಗೊತ್ತಾದರೆ ಯಾವ ಕೀಲಿ ಕೆಟ್ಟಿದೆ ಅಂತ ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು ನೋಡಿ: ಪಟ್ಟಿಯಲ್ಲಿ ಒಂದೇ ಚಾನೆಲ್ ಎರಡೆರಡು ಸಲ ಕಾಣುತ್ತಿದೆಯಾ?

ನೀಲಿಪರದೆ · ಶನಿವಾರ, ರಾತ್ರಿ 11:05

ಬಾಚಣಿಗೆ ಹಲ್ಲಿನ ವಿಷಯ ಸುಲಭ, ನಾಳೆ ಬಿಡುವಾಗಿ ಬರೀತೀನಿ. ಮೊದಲು ಹಳೇರೇಡಿಯೊ ಸರ್ ಹೇಳಿದ್ದು ಮಾಡಿ.

ಮಾಳಿಗೆಡಿಶ್ · ಭಾನುವಾರ, ಬೆಳಿಗ್ಗೆ 8:20

ಸರ್, ಬರೆದು ನೋಡಿದ ಮೇಲೆ ಮೈ ಜುಮ್ ಅಂತು. ವರ್ಟಿಕಲ್ ಎಲ್ಲವೂ ಬಂದಿವೆ, ಕೆಳಗಿನ ಬ್ಯಾಂಡ್, ಮೇಲಿನ ಬ್ಯಾಂಡ್ ಎರಡೂ. ಹಾರಿಜಾಂಟಲ್ ಒಂದೂ ಇಲ್ಲ. ಹೌದು, ಮೂರು ಚಾನೆಲ್ ಎರಡೆರಡು ಸಲ ಇವೆ. ಅದನ್ನ ನಾನು ಟಿವಿಹೆಡ್‌ಎಂಡ್‌ನ ತಪ್ಪು ಅಂದುಕೊಂಡು ಕೈಯಿಂದ ಅಳಿಸ್ತಿದ್ದೆ.

ಎರಡು ವಾರ ಕಣ್ಣೆದುರಿಗೇ ಇತ್ತು ಇದು.

ಹಳೇರೇಡಿಯೊ · ಭಾನುವಾರ, ಬೆಳಿಗ್ಗೆ 9:02

ಹಾಗಾದರೆ ಟೋನ್ ಸರಿಯಿದೆ, ವೋಲ್ಟೇಜ್ ತಲುಪುತ್ತಿಲ್ಲ. ಎಲ್‌ಎನ್‌ಬಿ ಸುಮಾರು 15 ವೋಲ್ಟ್ ಆಸುಪಾಸಿನಲ್ಲಿ ಈ ಕಡೆಯೋ ಆ ಕಡೆಯೋ ಅಂತ ತೀರ್ಮಾನ ಮಾಡುತ್ತದೆ. ನೀವು ಹಾರಿಜಾಂಟಲ್ ಕೇಳಿದಾಗ ಟ್ಯೂನರ್ 18 ಕೊಡಬೇಕು. ಅಲ್ಲಿಗೆ ತಲುಪುವಷ್ಟರಲ್ಲಿ ಅದು 14ಕ್ಕೆ ಇಳಿದಿದ್ದರೆ ಎಲ್‌ಎನ್‌ಬಿ ವರ್ಟಿಕಲ್‌ನಲ್ಲೇ ಕೂತಿರುತ್ತದೆ. ಆಗ ಹಾರಿಜಾಂಟಲ್ ಅಂತ ಹುಡುಕುತ್ತಾ ಹೋದ ಟ್ಯೂನರ್‌ಗೆ ಕೆಲವು ಕಡೆ ಅದೇ ಫ್ರೀಕ್ವೆನ್ಸಿಯ ಹತ್ತಿರ ಇರುವ ವರ್ಟಿಕಲ್ ಮಕ್ಸ್ ಸಿಕ್ಕಿಬಿಡುತ್ತದೆ. ಎರಡೆರಡು ಸಲ ಚಾನೆಲ್ ಬಂದದ್ದು ಹಾಗೆ.

ಸೆಟ್‌ಟಾಪ್ ಬಾಕ್ಸ್‌ನ ಒಳಗಿನ ಪವರ್ ಸಪ್ಲೈ ಗಟ್ಟಿ, ಅದಕ್ಕೇ ಅದರಲ್ಲಿ ಎಲ್ಲಾ ಬರುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ.

ಮಾಳಿಗೆಡಿಶ್ · ಭಾನುವಾರ, ಬೆಳಿಗ್ಗೆ 10:35

ಅಳೆದೆ ಸರ್. ಟ್ಯೂನರ್‌ನ ಬಾಯಿಂದ ಕೇಬಲ್ ತೆಗೆದು, ಹಾರಿಜಾಂಟಲ್ ಮಕ್ಸ್ ಹಾಕಿ ಅಳೆದರೆ 18.3 ವೋಲ್ಟ್. ವರ್ಟಿಕಲ್‌ಗೆ 13.4. ಸರಿಯಾಗೇ ಇದೆಯಲ್ಲ?

ಹಳೇರೇಡಿಯೊ · ಭಾನುವಾರ, ಬೆಳಿಗ್ಗೆ 10:48

ಹೊರೆ ಇಲ್ಲದೆ ಅಳೆದರೆ ಯಾವ ಸಪ್ಲೈಯೂ ಸರಿಯಾಗೇ ಕಾಣುತ್ತದೆ. ಎಲ್‌ಎನ್‌ಬಿ ಎಳೆಯುವಾಗ ಅಳೆಯಬೇಕು. ವಿದ್ಯುತ್ ಹಾಯಲು ಬಿಡುವ ಟಿ ಕನೆಕ್ಟರ್ ಒಂದನ್ನು ಡಿಶ್ ತುದಿಯಲ್ಲಿ ಹಾಕಿ, ಎಲ್‌ಎನ್‌ಬಿ ಜೋಡಿಸಿಯೇ ಇರಲಿ, ಮೂರನೇ ಬಾಯಲ್ಲಿ ಮೀಟರ್ ಹಿಡಿಯಿರಿ. ಟ್ಯೂನರ್ ಆಫ್ ಮಾಡಿ ಜೋಡಿಸಿ, ಆಮೇಲೆ ಆನ್ ಮಾಡಿ. ಒಳಗಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಟ್ಯೂನರ್‌ಗೇ ಅಪಾಯ. ಮಾಳಿಗೆಯ ಅಂಚಿನಲ್ಲಿ ಜೋಪಾನ, ಒಬ್ಬರೇ ಹತ್ತಬೇಡಿ.

ಹಾಗೇ ಟ್ಯೂನರ್ ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ.

ಪುಟ್ಟಪೆಟ್ಟಿಗೆ · ಭಾನುವಾರ, ಮಧ್ಯಾಹ್ನ 12:10

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನೂ ಇದನ್ನೇ ಮಾಡಬೇಕು ಅಂತಿದ್ದೀನಿ. ಹಣ ಕಟ್ಟಿ ನೋಡೋ ಚಾನೆಲ್‌ಗಳು ಕಂಪ್ಯೂಟರ್‌ನಲ್ಲಿ ಬರ್ತವಾ? ಕಾರ್ಡ್ ನನ್ನ ಹತ್ರ ಇದೆ.

ನೀಲಿಪರದೆ · ಭಾನುವಾರ, ಮಧ್ಯಾಹ್ನ 12:44

ಬೀಗ ಇಲ್ಲದ ಚಾನೆಲ್‌ಗಳು ಯಾವ ಟ್ಯೂನರ್‌ನಲ್ಲಾದರೂ ಬರ್ತವೆ. ಬೀಗ ಇರೋದಕ್ಕೆ ಟ್ಯೂನರ್ ಕಾರ್ಡ್‌ನಲ್ಲೇ ಸಿಐ ಸ್ಲಾಟ್ ಇರಬೇಕು, ಅದರಲ್ಲಿ ನಿಮ್ಮ ಸೇವೆಗೆ ಹೊಂದುವ, ಬೀಗ ತೆಗೆಯೋ ಕ್ಯಾಮ್ ಮಾಡ್ಯೂಲ್, ಅದರೊಳಗೆ ನಿಮ್ಮ ಕಾರ್ಡ್. ಆದರೆ ಎಷ್ಟೋ ಸೇವೆಗಳು ಈಗ ಸಿಐ ಪ್ಲಸ್ ಕೇಳ್ತವೆ. ಅದು ಮಾನ್ಯತೆ ಪಡೆದ ಟಿವಿ ಅಥವಾ ಬಾಕ್ಸ್ ಜೊತೆ ಮಾತ್ರ ಮಾತಾಡೋ ಹಾಗೆ ಕಟ್ಟಿರೋದು, ಕಂಪ್ಯೂಟರ್‌ನ ಮುಕ್ತ ಸಾಫ್ಟ್‌ವೇರ್ ಜೊತೆ ಅಲ್ಲ. ಇನ್ನು ಕೆಲವು ಸೇವೆಗಳ ಕಾರ್ಡ್ ಅವರದೇ ಬಾಕ್ಸ್‌ಗೆ ಕಟ್ಟಿಹಾಕಿರುತ್ತೆ. ಕೊಳ್ಳೋ ಮೊದಲು ಇದನ್ನ ಖಚಿತ ಮಾಡಿಕೊಳ್ಳಿ, ಇಲ್ಲಾಂದ್ರೆ ಟ್ಯೂನರ್ ತಂದು ಸುಮ್ಮನೆ ಬೇಜಾರು.

ಬೀಗ ಒಡೆಯೋ ದಾರಿಗಳ ಬಗ್ಗೆ ಕೇಳಬೇಡಿ, ನಾನು ಹೇಳಲ್ಲ. ಕಾರ್ಯಕ್ರಮ ಮಾಡಿದವರ ದುಡಿಮೆ ಅದು.

ಮಾಳಿಗೆಡಿಶ್ · ಭಾನುವಾರ, ಸಂಜೆ 5:30

ಅಣ್ಣನನ್ನ ಜೊತೆಗೆ ಕರೆದುಕೊಂಡು ಹೋಗಿ ಅಳೆದೆ. ಡಿಶ್ ತುದಿಯಲ್ಲಿ, ಎಲ್‌ಎನ್‌ಬಿ ಜೋಡಿಸಿದ ಹಾಗೆ: ವರ್ಟಿಕಲ್ 12.5, ಹಾರಿಜಾಂಟಲ್ 13.9!

ಅಡಾಪ್ಟರ್ ನೋಡಿದೆ. 12 ವೋಲ್ಟ್, 0.5 ಆಂಪಿಯರ್. ಟ್ಯೂನರ್ ಜೊತೆ ಬಂದದ್ದು ಇದಲ್ಲ. ಕಪಾಟಿನಲ್ಲಿ ಎಲ್ಲಾ ಜೋಡಿಸುವಾಗ ಹಳೇ ರೂಟರ್‌ನ ಅಡಾಪ್ಟರ್ ಹಾಕಿಬಿಟ್ಟಿದ್ದೀನಿ. ಪಿನ್ ಸರಿಹೊಂದಿತು, ದೀಪ ಹತ್ತಿತು, ಆಮೇಲೆ ಆ ಕಡೆ ಯೋಚನೆಯೇ ಹೋಗಲಿಲ್ಲ. ಟ್ಯೂನರ್‌ನ ಕೈಪಿಡಿಯಲ್ಲಿ 12 ವೋಲ್ಟ್ 1.5 ಆಂಪಿಯರ್ ಅಂತ ಇದೆ.

ಹಳೇರೇಡಿಯೊ · ಭಾನುವಾರ, ಸಂಜೆ 6:15

ಸಿಕ್ಕಿತು. ಲೆಕ್ಕ ನೋಡಿ, ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಎಲ್‌ಎನ್‌ಬಿ 18 ವೋಲ್ಟ್‌ನಲ್ಲಿ 150 ಮಿಲಿ ಆಂಪಿಯರ್ ಎಳೆಯಿತು ಅಂದುಕೊಳ್ಳೋಣ, 2.7 ವ್ಯಾಟ್ ಆಯಿತು. ಯುಎಸ್‌ಬಿ 2.0 ಪೋರ್ಟ್ ಕೊಡಬಹುದಾದದ್ದೇ 5 ವೋಲ್ಟ್, 500 ಮಿಲಿ ಆಂಪಿಯರ್, ಅಂದರೆ 2.5 ವ್ಯಾಟ್. ಟ್ಯೂನರ್ ತಾನು ಏನೂ ತಿನ್ನದೆ ಎಲ್ಲವನ್ನೂ ಎಲ್‌ಎನ್‌ಬಿಗೇ ಬಡಿಸಿದರೂ ಸಾಲದು. ಅದಕ್ಕೇ ಈ ಟ್ಯೂನರ್‌ಗಳಿಗೆ ಬೇರೆ ಅಡಾಪ್ಟರ್. ನಿಮ್ಮ ರೂಟರ್ ಅಡಾಪ್ಟರ್‌ನ ಒಟ್ಟು ಶಕ್ತಿ 6 ವ್ಯಾಟ್. ಟ್ಯೂನರ್ ಚಿಪ್‌ಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ, 12 ಅನ್ನು 18ಕ್ಕೆ ಏರಿಸುವಾಗ ಆಗುವ ನಷ್ಟ ಕಳೆದ ಮೇಲೆ, 13 ವೋಲ್ಟ್‌ನ ಕೆಲಸ ಹೇಗೋ ಸಾಗುತ್ತದೆ, 18ರ ಕೆಲಸ ಕುಸಿಯುತ್ತದೆ.

ಕೇಬಲ್‌ನ ಒಳತಂತಿ ಪೂರ್ತಿ ತಾಮ್ರವೋ, ಉಕ್ಕಿನ ಮೇಲೆ ತಾಮ್ರದ ಲೇಪವೋ ಅದನ್ನೂ ಪರೀಕ್ಷಿಸಿ. ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಸಿಗ್ನಲ್ ಮೇಲ್ಮೈಯಲ್ಲೇ ಹರಿಯುವುದರಿಂದ ಅದಕ್ಕೆ ಲೇಪ ಸಾಕು, ಆದರೆ ಎಲ್‌ಎನ್‌ಬಿಗೆ ಹೋಗುವ ನೇರ ವಿದ್ಯುತ್ತಿಗೆ ಉಕ್ಕು ಹೆಚ್ಚು ತಡೆ ಒಡ್ಡುತ್ತದೆ. 30 ಮೀಟರ್‌ಗೆ ಅದೊಂದೇ ಇಷ್ಟು ದೊಡ್ಡ ಕುಸಿತ ತರುವುದಿಲ್ಲ, ಆದರೆ ಸೋತು ನಿಂತವನ ಹೆಗಲ ಮೇಲೆ ಅದೂ ಒಂದು ಭಾರ.

ನೀಲಿಪರದೆ · ಭಾನುವಾರ, ರಾತ್ರಿ 8:30

ಈಗ ಬಾಚಣಿಗೆ ಹಲ್ಲು. ಎಷ್ಟೋ ಹೈ ಡೆಫಿನಿಷನ್ ಚಾನೆಲ್‌ಗಳು 1080ಐ, ಐ ಅಂದರೆ ಇಂಟರ್‌ಲೇಸ್ಡ್. 50 ಹರ್ಟ್ಸ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರ್ತವೆ: ಒಂದರಲ್ಲಿ ಬೆಸ ಸಾಲುಗಳು, ಮುಂದಿನದರಲ್ಲಿ ಸಮ ಸಾಲುಗಳು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತೆ. ಅಷ್ಟರಲ್ಲಿ ಓಡೋ ಅಕ್ಷರ ಮುಂದೆ ಹೋಗಿರುತ್ತೆ. ಎರಡನ್ನೂ ಹಾಗೇ ಹೆಣೆದು ತೋರಿಸಿದರೆ ಅಂಚು ಸೀಳುತ್ತೆ. ಸೆಟ್‌ಟಾಪ್ ಬಾಕ್ಸ್, ಟಿವಿ ಈ ಕೆಲಸ ಸದ್ದಿಲ್ಲದೆ ಮಾಡಿ ಮುಗಿಸ್ತವೆ. ಕಂಪ್ಯೂಟರ್‌ಗೆ ನಾವು ಹೇಳಬೇಕು.

ಕೋಡಿಯಲ್ಲಿ ಚಾನೆಲ್ ಓಡ್ತಿರುವಾಗಲೇ ವಿಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ ಡಿಇಂಟರ್‌ಲೇಸ್ ವಿಧಾನ ನೋಡಿ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ವಿಎಎಪಿಐ ಮೋಶನ್ ಅಡಾಪ್ಟಿವ್ ಅಥವಾ ಮೋಶನ್ ಕಾಂಪೆನ್ಸೇಟೆಡ್ ಅಂತ ಇರುತ್ತೆ. ಅದನ್ನ ಆರಿಸಿ, ಎಲ್ಲಾ ವಿಡಿಯೊಗೂ ಇದೇ ಇರಲಿ ಅಂತ ಉಳಿಸಿ. ಬಾಬ್ ಅನ್ನೋದು ಹಗುರ, ಆದರೆ ನಿಂತಿರೋ ಅಕ್ಷರಗಳು ಸ್ವಲ್ಪ ನಡುಗಿದ ಹಾಗೆ ಕಾಣುತ್ತೆ.

ಇದರ ಜೊತೆಗೆ ಬಹಳ ಜನ ಮರೆಯೋದು ಒಂದಿದೆ. ಕಂಪ್ಯೂಟರ್ ಟಿವಿಗೆ 60 ಹರ್ಟ್ಸ್‌ನಲ್ಲಿ ಚಿತ್ರ ಕಳಿಸ್ತಿದ್ದರೆ, ಬರೋದು 50, ತೋರಿಸೋದು 60. ಸೆಕೆಂಡಿಗೆ ಹತ್ತು ಚಿತ್ರ ಎರಡೆರಡು ಸಲ ತೋರಿಸಬೇಕಾಗುತ್ತೆ. ಕ್ಯಾಮೆರಾ ಅಡ್ಡಲಾಗಿ ತಿರುಗಿದಾಗ ತಡವರಿಸಿ ತಡವರಿಸಿ ಹೋಗುತ್ತಲ್ಲ, ಅದು ಇದೇ. ಸೆಟ್ಟಿಂಗ್ಸ್‌ನ ಪ್ಲೇಯರ್ ವಿಭಾಗದಲ್ಲಿ ಡಿಸ್‌ಪ್ಲೇ ರಿಫ್ರೆಶ್ ರೇಟ್ ಹೊಂದಿಸೋ ಆಯ್ಕೆಯನ್ನ ಆನ್ ಮಾಡಿ. ಆಟ ನೋಡುವಾಗ ಚೆಂಡು ನೇರವಾಗಿ ಜಾರೋದನ್ನ ಒಮ್ಮೆ ಕಂಡರೆ ಹಿಂದಕ್ಕೆ ಹೋಗೋಕೆ ಮನಸ್ಸೇ ಬರಲ್ಲ.

ಮಾಳಿಗೆಡಿಶ್ · ಮಂಗಳವಾರ, ರಾತ್ರಿ 9:15

12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ತಂದು ಹಾಕಿದೆ. ಡಿಶ್ ತುದಿಯಲ್ಲಿ ಹಾರಿಜಾಂಟಲ್‌ಗೆ ಈಗ 17.2 ವೋಲ್ಟ್. ಸ್ಕ್ಯಾನ್ ಒತ್ತಿ ಕಾಯ್ತಾ ಕೂತೆ. ಒಂದೊಂದೇ ಮಕ್ಸ್ ಸರಿ ಅಂತ ಬರ್ತಾ ಹೋದ ಹಾಗೆ ಖುಷಿಗೆ ಅಮ್ಮನನ್ನ ಕೂಗಿದೆ.

ಚಿತ್ರವೂ ನೀಲಿಪರದೆ ಅಕ್ಕ ಹೇಳಿದ ಹಾಗೆ ಸರಿಹೋಯಿತು. 50 ಹರ್ಟ್ಸ್ ಮಾಡಿದ ಮೇಲಿನ ವ್ಯತ್ಯಾಸ ಅಮ್ಮನೇ ಕಂಡುಹಿಡಿದರು, ನಾನು ಹೇಳೋ ಮೊದಲೇ.

ಆದರೆ ನಾಲ್ಕು ಮಕ್ಸ್ ಇನ್ನೂ ಕಾಟ ಕೊಡ್ತಿವೆ. ಲಾಕ್ ಆಗ್ತವೆ, ಅರ್ಧ ನಿಮಿಷಕ್ಕೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ನಾಲ್ಕೂ 12.5 ಗಿಗಾಹರ್ಟ್ಸ್‌ಗಿಂತ ಮೇಲಿನವು.

ಎರಡನೇಕೇಬಲ್ · ಮಂಗಳವಾರ, ರಾತ್ರಿ 10:02

ಟಿವಿಹೆಡ್‌ಎಂಡ್‌ನ ಸ್ಟೇಟಸ್ ಪುಟದ ಸ್ಟ್ರೀಮ್ ಭಾಗ ತೆರೆಯಿರಿ. ಬಾಕ್ಸ್‌ಗಳು ಶೇಕಡಾ ಪಟ್ಟಿ ತೋರಿಸಿ ಸುಮ್ಮನಾಗ್ತವೆ. ಇಲ್ಲಿ ನಿಜವಾದ ಅಂಕಿಗಳಿವೆ. ನೀವು ನೋಡಬೇಕಾದದ್ದು ಮೂರು: ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು) ಎಷ್ಟು ಡೆಸಿಬೆಲ್, ಅನ್‌ಕರೆಕ್ಟೆಡ್ ಬ್ಲಾಕ್ಸ್ ಏರ್ತಿದೆಯಾ, ಕಂಟಿನ್ಯುಟಿ ಎರರ್ಸ್ ಏರ್ತಿದೆಯಾ.

ಇವುಗಳ ವ್ಯತ್ಯಾಸ ಗೊತ್ತಿದ್ದರೆ ತಪ್ಪು ಯಾವ ಕಡೆ ಅಂತ ಕೂತಲ್ಲೇ ಹೇಳಬಹುದು. ಆಕಾಶದಿಂದ ಬರೋದು 188 ಬೈಟ್‌ನ ಸಣ್ಣ ಪೊಟ್ಟಣಗಳು. ಟ್ಯೂನರ್ ತಿದ್ದೋಕೆ ಆಗದಷ್ಟು ಕೆಟ್ಟ ತುಣುಕು ಬಂದರೆ ಅನ್‌ಕರೆಕ್ಟೆಡ್ ಎಣಿಕೆ ಏರುತ್ತೆ. ಅಂದರೆ ಡಿಶ್, ಎಲ್‌ಎನ್‌ಬಿ, ಕೇಬಲ್ ಕಡೆಯ ತೊಂದರೆ. ಇನ್ನು ಪ್ರತಿ ಪೊಟ್ಟಣದ ಮೇಲೂ 0ರಿಂದ 15ರವರೆಗೆ ಸುತ್ತೋ ಒಂದು ಸರಣಿ ಸಂಖ್ಯೆ ಇರುತ್ತೆ. ನಡುವೆ ಒಂದು ತಪ್ಪಿದರೆ ಕಂಟಿನ್ಯುಟಿ ಎರರ್. ಅನ್‌ಕರೆಕ್ಟೆಡ್ ಸೊನ್ನೆ ಇದ್ದು ಕಂಟಿನ್ಯುಟಿ ಮಾತ್ರ ಏರ್ತಿದ್ದರೆ, ಟ್ಯೂನರ್‌ಗೆ ಬಂದದ್ದು ಸರಿಯಾಗೇ ಇತ್ತು, ಆಮೇಲೆ ಕಳೆದುಹೋಯಿತು ಅಂತ ಅರ್ಥ. ಯುಎಸ್‌ಬಿ, ಹಬ್, ನೆಟ್‌ವರ್ಕ್, ಅಲ್ಲೆಲ್ಲೋ.

ನನ್ನ ಕಥೆ ಎರಡನೇದು. ನಾನು ಸ್ಯಾಟ್ ಟು ಐಪಿ ಬಳಸ್ತೀನಿ. ಎಸ್‌ಇಎಸ್ ಅನ್ನೋ ಉಪಗ್ರಹ ಕಂಪನಿ 2012ರಲ್ಲಿ ಮುಂದಿಟ್ಟ ಪದ್ಧತಿ ಅದು. ಟ್ಯೂನರ್ ಡಿಶ್ ಹತ್ತಿರವೇ ಇರುತ್ತೆ, ಕೆಳಗೆ ಬರೋದು ನೆಟ್‌ವರ್ಕ್ ಕೇಬಲ್ ಮಾತ್ರ. ನಾನು ವೈಫೈನಲ್ಲಿ ಓಡಿಸೋಕೆ ಹೋದೆ. ಅನ್‌ಕರೆಕ್ಟೆಡ್ ಸೊನ್ನೆ, ಕಂಟಿನ್ಯುಟಿ ಸಾವಿರಗಟ್ಟಲೆ. ಒಂದು ತಿಂಗಳು ಡಿಶ್ ತಿರುಗಿಸಿದೆ! ಡಿಶ್‌ದು ಏನೂ ತಪ್ಪಿರಲಿಲ್ಲ. ತಂತಿ ಹಾಕಿದ ದಿನವೇ ಸರಿಹೋಯಿತು.

ಮಾಳಿಗೆಡಿಶ್ · ಮಂಗಳವಾರ, ರಾತ್ರಿ 10:20

ನೋಡಿದೆ. ಆ ನಾಲ್ಕು ಮಕ್ಸ್‌ನಲ್ಲಿ ಎಸ್‌ಎನ್‌ಆರ್ 8.1 ಡೆಸಿಬೆಲ್, ಅನ್‌ಕರೆಕ್ಟೆಡ್ ಏರ್ತಾನೇ ಇದೆ. ಕಂಟಿನ್ಯುಟಿನೂ ಅದರ ಜೊತೆಗೇ ಏರುತ್ತೆ. ಬೇರೆ ಮಕ್ಸ್‌ಗಳಲ್ಲಿ 12 ಡೆಸಿಬೆಲ್ ಮೇಲಿದೆ, ಎರಡೂ ಸೊನ್ನೆ. ಮಾಡ್ಯುಲೇಶನ್ (ಅಲೆಯಲ್ಲಿ ಮಾಹಿತಿ ತುಂಬೋ ವಿಧಾನ) 8ಪಿಎಸ್‌ಕೆ 3/4 ಅಂತ ತೋರಿಸ್ತಿದೆ.

ಹಳೇರೇಡಿಯೊ · ಬುಧವಾರ, ಬೆಳಿಗ್ಗೆ 7:40

8ಪಿಎಸ್‌ಕೆ 3/4ಕ್ಕೆ ಪುಸ್ತಕದ ಲೆಕ್ಕದಲ್ಲೇ ಸುಮಾರು 7.9 ಡೆಸಿಬೆಲ್ ಬೇಕು. ನೀವು 8.1ರಲ್ಲಿ ಬೇಲಿಯ ಮೇಲೆ ನಡೆಯುತ್ತಿದ್ದೀರಿ. ಗಾಳಿ ಬೀಸಿದರೂ ಬೀಳುತ್ತೀರಿ, ಮಳೆ ಬಂದರಂತೂ ಹೇಳುವುದೇ ಬೇಡ. ಅದೇ ಕ್ಯುಪಿಎಸ್‌ಕೆ 3/4 ಆಗಿದ್ದರೆ 4 ಡೆಸಿಬೆಲ್ ಸಾಕಾಗುತ್ತಿತ್ತು. ಅದಕ್ಕೇ ಒಂದೇ ಡಿಶ್‌ನಲ್ಲಿ ಕೆಲವು ಚಾನೆಲ್ ಬಂಡೆಯ ಹಾಗೆ ನಿಲ್ಲುತ್ತವೆ, ಕೆಲವು ಅಲುಗಾಡುತ್ತವೆ.

ನಾಲ್ಕೂ ಮೇಲಿನ ತುದಿಯವು ಅಂದಿರಿ. 12.5ರಿಂದ 10.6 ಕಳೆದರೆ 1.9 ಗಿಗಾಹರ್ಟ್ಸ್. ಕೇಬಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಹರಿಯುವ ಭಾಗ ಅದು. ಫ್ರೀಕ್ವೆನ್ಸಿ ಏರಿದಷ್ಟೂ ಕೇಬಲ್ ಹೆಚ್ಚು ತಿನ್ನುತ್ತದೆ: ಆರ್‌ಜಿ-6 100 ಮೀಟರ್‌ಗೆ 1 ಗಿಗಾಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್, 2 ಗಿಗಾಹರ್ಟ್ಸ್ ದಾಟಿದರೆ ಸುಮಾರು 30. ಆದರೆ ಎಲ್‌ಎನ್‌ಬಿ ಕೊಡುವ ಬಲಕ್ಕೆ 30 ಮೀಟರ್ ಆರೋಗ್ಯವಂತ ಕೇಬಲ್ ಹೊರೆಯೇ ಅಲ್ಲ. ಆದ್ದರಿಂದ ಕೇಳುತ್ತೇನೆ: ನಡುವೆ ಎಲ್ಲಾದರೂ ಜಂಟಿ ಇದೆಯಾ? ಗೋಡೆಯ ಸಾಕೆಟ್? ಸ್ಪ್ಲಿಟರ್?

ಇನ್ನೊಂದು ಸಾಧ್ಯತೆ: ಮನೆಯಲ್ಲಿ ಡೆಕ್ಟ್ ಬಗೆಯ ತಂತಿಯಿಲ್ಲದ ಫೋನ್ ಇದ್ದರೆ, ಅದರಲ್ಲಿ ಬಹಳಷ್ಟು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಜಾಲರಿ ಸರಿಯಿಲ್ಲದ ಕನೆಕ್ಟರ್ ಮೂಲಕ ಅದು ಒಳಗೆ ನುಗ್ಗಿ, 12.48ರಿಂದ 12.5 ಗಿಗಾಹರ್ಟ್ಸ್‌ನ ಮಕ್ಸ್ ಕೆಡಿಸುತ್ತದೆ. ಆ ಫೋನ್ ಆಫ್ ಮಾಡಿಯೂ ನೋಡಿ.

ಮಾಳಿಗೆಡಿಶ್ · ಬುಧವಾರ, ರಾತ್ರಿ 8:55

ತಂತಿಯಿಲ್ಲದ ಫೋನ್ ಇಲ್ಲ. ಜಂಟಿ ಇದೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ, ಕೇಬಲ್ ಉದ್ದ ಸಾಲದೆ ಹಿಂದೆ ಯಾರೋ ಸೇರಿಸಿದ್ದು. ಮೇಲೆ ಕಪ್ಪು ಟೇಪು ಸುತ್ತಿದ್ದರು. ಬಿಚ್ಚಿದರೆ ಒಳಗೆ ಹಸಿರು ಕಿಲುಬು ಕಟ್ಟಿದೆ, ಜಾಲರಿಯ ಎಳೆಗಳು ಮುಟ್ಟಿದರೆ ಪುಡಿಯಾಗ್ತಿವೆ. ನೀರು ಟೇಪಿನೊಳಗೆ ಇಳಿದು ಅಲ್ಲೇ ನಿಂತಿದೆ.

ಹಳೇರೇಡಿಯೊ · ಬುಧವಾರ, ರಾತ್ರಿ 9:20

ಎರಡೂ ಕಡೆ ಕಪ್ಪಾಗದ ತಂತಿ ಸಿಗುವವರೆಗೆ ಕತ್ತರಿಸಿ. ತಿರುಗಿಸಿ ಹಾಕುವ ಕನೆಕ್ಟರ್ ಬೇಡ, ಕಂಪ್ರೆಷನ್ ಕನೆಕ್ಟರ್ ಹಾಕಿ. ಜಂಟಿಯ ಎರಡೂ ಕಡೆ ಕೇಬಲ್ ಕೆಳಕ್ಕೆ ಬಾಗಿ ಮೇಲೇರುವ ಹಾಗೆ ಒಂದು ಸಣ್ಣ ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಹೋಗುವುದಿಲ್ಲ. ಸಾಧ್ಯವಾದರೆ ಜಂಟಿಯೇ ಇಲ್ಲದ ಹೊಸ ಕೇಬಲ್, ಪೂರ್ತಿ ತಾಮ್ರದ್ದು.

ಮೇಲೆ ಹತ್ತಿದಾಗ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ಮೊಬೈಲ್‌ನಲ್ಲಿ ಟಿವಿಹೆಡ್‌ಎಂಡ್ ಪುಟ ತೆರೆದು, ಪೋರ್ಟ್ 9981, ಆ ಕಷ್ಟದ ಮಕ್ಸ್ ಹಾಕಿಟ್ಟು ಎಸ್‌ಎನ್‌ಆರ್ ನೋಡುತ್ತಾ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಒಂದೆರಡು ಡಿಗ್ರಿ ಆ ಕಡೆ ಈ ಕಡೆ ತಿರುಗಿಸಿ. ಉಪಗ್ರಹ ಹುಡುಕಲು ಸಣ್ಣ ಮೀಟರ್‌ಗಳು ಸಿಗುತ್ತವೆ, ಅವು ಬರಿಯ ಬಲ ತೋರಿಸುತ್ತವೆ. ನಿಮಗೆ ಬೇಕಾದದ್ದು ಗುಣ.

ಪುಟ್ಟಪೆಟ್ಟಿಗೆ · ಗುರುವಾರ, ಮಧ್ಯಾಹ್ನ 1:15

ಓದ್ತಾ ಓದ್ತಾ ಬಹಳ ಕಲಿತೆ. ಒಂದು ಪ್ರಶ್ನೆ: ಟ್ಯೂನರ್ ಒಂದೇ ಇದ್ದರೆ ಒಂದು ಚಾನೆಲ್ ನೋಡ್ತಾ ಇನ್ನೊಂದು ರೆಕಾರ್ಡ್ ಮಾಡೋಕೆ ಆಗಲ್ವಾ?

ನೀಲಿಪರದೆ · ಗುರುವಾರ, ಮಧ್ಯಾಹ್ನ 2:30

ಎರಡೂ ಒಂದೇ ಮಕ್ಸ್‌ನಲ್ಲಿದ್ದರೆ ಆಗುತ್ತೆ. ಕಂಪ್ಯೂಟರ್‌ನಲ್ಲಿ ನೋಡೋದರ ಸೊಗಸೇ ಇದು. ಟ್ಯೂನರ್ ಒಂದು ಮಕ್ಸ್‌ಗೆ ನಿಂತರೆ ಅದರಲ್ಲಿರೋ ಎಲ್ಲಾ ಚಾನೆಲ್‌ಗಳೂ ಒಟ್ಟಿಗೇ ಇಳಿದು ಬರ್ತಿರ್ತವೆ. ಹಳೇ ಡಿವಿಬಿ-ಎಸ್‌ನಲ್ಲಿ ಸಿಂಬಲ್ ರೇಟ್ 27500, ಎಫ್‌ಇಸಿ 3/4 ಇದ್ದರೆ ಸೆಕೆಂಡಿಗೆ ಸುಮಾರು 38 ಮೆಗಾಬಿಟ್. ಅದರಲ್ಲಿ ನಿಮಗೆ ಬೇಕಾದ ಎರಡು ಮೂರು ಚಾನೆಲ್ ಬೇರ್ಪಡಿಸೋದು ಟಿವಿಹೆಡ್‌ಎಂಡ್ ಕೆಲಸ. ಬೇರೆ ಮಕ್ಸ್ ಆದರೆ ಎರಡನೇ ಟ್ಯೂನರ್ ಬೇಕು, ಎಲ್‌ಎನ್‌ಬಿಯಿಂದ ಎರಡನೇ ಕೇಬಲೂ ಬೇಕು. ಸ್ಪ್ಲಿಟರ್ ಹಾಕಿ ಒಂದೇ ಕೇಬಲ್ ಹಂಚಿದರೆ ಒಬ್ಬರು 13 ಕೇಳ್ತಾರೆ, ಇನ್ನೊಬ್ಬರು 18 ಕೇಳ್ತಾರೆ, ಜಗಳ ಶುರು.

ರೆಕಾರ್ಡಿಂಗ್ ಬಂದದ್ದು ಬಂದ ಹಾಗೇ ಡಿಸ್ಕ್‌ಗೆ ಇಳಿಯುತ್ತೆ, ಮತ್ತೆ ಸಂಕುಚಿಸೋ ಕೆಲಸ ಇಲ್ಲ, ಹಾಗಾಗಿ ಪ್ರೊಸೆಸರ್‌ಗೆ ಭಾರವೇ ಇಲ್ಲ. 8 ಮೆಗಾಬಿಟ್‌ನ ಚಾನೆಲ್ ಒಂದು ಗಂಟೆಗೆ 3.6 ಗಿಗಾಬೈಟ್. ರೆಕಾರ್ಡಿಂಗ್‌ಗೆ ಆದ್ಯತೆ ಹೆಚ್ಚು ಕೊಡಿ. ಇಲ್ಲದಿದ್ದರೆ ಯಾರೋ ಚಾನೆಲ್ ತಿರುಗಿಸಿದ ಕೂಡಲೇ ಅರ್ಧದಲ್ಲಿ ನಿಂತುಹೋಗಬಹುದು.

ಕಾರ್ಯಕ್ರಮ ಪಟ್ಟಿಯೂ ಆಕಾಶದಿಂದಲೇ ಬರುತ್ತೆ. ಆದರೆ ಟ್ಯೂನರ್ ಖಾಲಿ ಇದ್ದಾಗ ಮಾತ್ರ ಅದು ಎಲ್ಲಾ ಮಕ್ಸ್ ಸುತ್ತಿ ಬರಬಲ್ಲದು. ಒಂದೇ ಟ್ಯೂನರ್ ಇರೋರು ಬೆಳಗಿನ ಜಾವಕ್ಕೆ ಸಮಯ ಕೊಟ್ಟಿಡಿ. ಪಟ್ಟಿಯಲ್ಲಿ ಕನ್ನಡ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಬಂದರೆ ಗಾಬರಿ ಬೇಡ. ಯುಟಿಎಫ್-8 ಬಳಸೋರು ಸಾಲಿನ ಮೊದಲಿಗೆ ಅದನ್ನ ಹೇಳೋ ಒಂದು ಗುರುತಿನ ಬೈಟ್ ಹಾಕಬೇಕು, ಅದು ಇಲ್ಲದಿದ್ದರೆ ಸಾಫ್ಟ್‌ವೇರ್ ಹಳೇ ಲ್ಯಾಟಿನ್ ಪಟ್ಟಿ ಅಂದುಕೊಳ್ಳುತ್ತೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ನಾವೇ ಕೊಡಬಹುದು.

ಎರಡನೇಕೇಬಲ್ · ಗುರುವಾರ, ಸಂಜೆ 6:05

ನೀಲಿಪರದೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾಲ್ಕು ಔಟ್‌ಪುಟ್ ಇರೋ ಎಲ್‌ಎನ್‌ಬಿ ಮೊದಲೇ ಹಾಕಿಸಿಕೊಂಡರೆ ಮುಂದೆ ಟ್ಯೂನರ್ ಹೆಚ್ಚಿಸಿದಾಗ ಮತ್ತೆ ಡಿಶ್ ಮುಟ್ಟಬೇಕಾಗಲ್ಲ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮ ಆಗೋ ದಿನಗಳ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರ್ತಾನೆ. ಕೆಲವು ದಿನ ಒಂದೇ ಹೊತ್ತಿಗೆ ಕೆಲವು ನಿಮಿಷ ಎಲ್ಲಾ ಹೋಗುತ್ತೆ, ತಾನಾಗೇ ಬರುತ್ತೆ. ಆಗ ಏನನ್ನೂ ಬಿಚ್ಚಬೇಡಿ.

ಹಳೇರೇಡಿಯೊ · ಗುರುವಾರ, ರಾತ್ರಿ 9:10

ವಿಷಯ ಸ್ವಲ್ಪ ಆಚೆ ಹೋದರೂ ಹೇಳುತ್ತೇನೆ. 2000ದ ಆಸುಪಾಸಿನಲ್ಲಿ ವಿಡಿಆರ್ ಅನ್ನುವ ಟಿವಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಶುರುವಾದ ಕಾಲಕ್ಕೆ ಸಾಮಾನ್ಯ ಕಂಪ್ಯೂಟರ್‌ಗೆ ಇದು ಭಾರದ ಕೆಲಸ. ಚಿತ್ರ ಬಿಡಿಸುವ ಚಿಪ್ ಕಾರ್ಡಿನ ಮೇಲೇ ಕೂತಿರುತ್ತಿತ್ತು, ಕಾರ್ಡಿನಿಂದಲೇ ನೇರ ಟಿವಿಗೆ ತಂತಿ. 2002ರಲ್ಲಿ ಅದೇ ಬಗೆಯ ಮಿಥ್‌ಟಿವಿ ಬಂತು. ಎಕ್ಸ್‌ಬಾಕ್ಸ್‌ಗೆಂದು ಹುಟ್ಟಿದ ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡಿತು. ಮರುವರ್ಷ ವಿಂಡೋಸ್ 10 ಬಂದಾಗ ಅದರಿಂದ ವಿಂಡೋಸ್‌ನದೇ ಆಗಿದ್ದ ಮೀಡಿಯಾ ಸೆಂಟರ್ ಸಾಫ್ಟ್‌ವೇರ್ ಮಾಯವಾಯಿತು. ಅದನ್ನೇ ನಂಬಿದ್ದ ಎಷ್ಟೋ ಮನೆಗಳು ಆಗ ಬೇರೆ ದಾರಿ ಹುಡುಕಬೇಕಾಯಿತು. ಮುಕ್ತ ಸಾಫ್ಟ್‌ವೇರ್ ಅನ್ನು ಹೀಗೆ ಒಬ್ಬರೇ ತೆಗೆದುಕೊಂಡು ಹೋಗಲು ಆಗುವುದಿಲ್ಲ. ವಿಡಿಆರ್ ಇವತ್ತಿಗೂ ನನ್ನ ಹಳೆಯ ಪೆಟ್ಟಿಗೆಯಲ್ಲಿ ಓಡುತ್ತಿದೆ, ಅದನ್ನು ಬರೆದವರ ಬಗ್ಗೆ ನನಗೆ ಅಪಾರ ಗೌರವ.

ಮಾಳಿಗೆಡಿಶ್ · ಶನಿವಾರ, ಸಂಜೆ 7:45

ಇವತ್ತು ಬೆಳಿಗ್ಗೆ ಅಣ್ಣ, ನಾನು ಸೇರಿ ಹಳೇ ಕೇಬಲ್ ಪೂರ್ತಿ ಎಳೆದುಹಾಕಿ ಹೊಸದು ಬಿಟ್ಟೆವು. ಆಯಸ್ಕಾಂತ ಹಿಡಿದೇ ತಂದದ್ದು, ಅಂಟಲಿಲ್ಲ. ನಡುವೆ ಜಂಟಿ ಇಲ್ಲ, ಎರಡೂ ತುದಿಗೆ ಕಂಪ್ರೆಷನ್ ಕನೆಕ್ಟರ್. ಹಳೇ ಕೇಬಲ್‌ನ ತಂತಿಗೆ ಆಯಸ್ಕಾಂತ ಪಟ್ಟಂತ ಅಂಟಿಕೊಂಡಿತು.

ಆಮೇಲೆ ಅಣ್ಣ ಕೆಳಗಿಂದ ಕೂಗದೇ ಇರೋ ಹಾಗೆ, ಮೊಬೈಲ್‌ನಲ್ಲೇ ಅಂಕಿ ನೋಡ್ತಾ ಎಲ್‌ಎನ್‌ಬಿ ತಿರುಗಿಸಿದೆ. ಆ ನಾಲ್ಕು ಮಕ್ಸ್ ಈಗ 11.6 ಡೆಸಿಬೆಲ್. ಅದರಲ್ಲಿ ಕೇಬಲ್‌ನಿಂದ ಬಂದದ್ದೇ ಬಹುಪಾಲು, ತಿರುಗಿಸಿದ್ದರಿಂದ ಅರ್ಧ ಡೆಸಿಬೆಲ್ ಅಷ್ಟೇ. ಡಿಶ್ ತುದಿಯಲ್ಲಿ ಹಾರಿಜಾಂಟಲ್ 17.8 ವೋಲ್ಟ್.

ಮಧ್ಯಾಹ್ನ ಮೂರು ಗಂಟೆ ಜೋರು ಮಳೆ ಬಂತು. ಎಸ್‌ಎನ್‌ಆರ್ 9.4ಕ್ಕೆ ಇಳಿದು ಮತ್ತೆ ಏರಿತು. ಅನ್‌ಕರೆಕ್ಟೆಡ್ ಸೊನ್ನೆ, ಕಂಟಿನ್ಯುಟಿ ಸೊನ್ನೆ.

ಅಮ್ಮ ಈಗ ಆ ನಾಲ್ಕು ಮಕ್ಸ್‌ನ ಒಂದು ಸಂಗೀತ ಕಾರ್ಯಕ್ರಮವನ್ನ ವಾರವಾರ ತಾನೇ ರೆಕಾರ್ಡ್ ಆಗೋ ಹಾಗೆ ಇಟ್ಟುಕೊಂಡಿದ್ದಾರೆ, ರಿಮೋಟ್‌ನಿಂದ, ನನ್ನ ಕೇಳದೆ. ಮೊದಲನೆಯದು ಇವತ್ತು ರಾತ್ರಿ 9ಕ್ಕೆ. ನೀಲಿಪರದೆ ಅಕ್ಕ, ಒಂದು ಉಳಿಯಿತು: ಕಾರ್ಯಕ್ರಮ ಸಮಯಕ್ಕೆ ಸರಿಯಾಗಿ ಮುಗಿಯದಿದ್ದರೆ ಕೊನೇ ಹಾಡು ತಪ್ಪಿಹೋಗುತ್ತಲ್ಲ?

ನೀಲಿಪರದೆ · ಶನಿವಾರ, ರಾತ್ರಿ 8:10

ರೆಕಾರ್ಡಿಂಗ್ ಪ್ರೊಫೈಲ್‌ನಲ್ಲಿ ಮೊದಲಿಗೆ 2 ನಿಮಿಷ, ಕೊನೆಗೆ 10 ನಿಮಿಷ ಹೆಚ್ಚುವರಿ ಕೊಡಿ. 9ಕ್ಕೆ ಮೊದಲು ಉಳಿಸಿ, ಇವತ್ತಿನದಕ್ಕೂ ಅನ್ವಯ ಆಗಿದೆಯಾ ಅಂತ ಮುಂಬರುವ ರೆಕಾರ್ಡಿಂಗ್ ಪಟ್ಟಿಯಲ್ಲಿ ಒಮ್ಮೆ ನೋಡಿಬಿಡಿ.

ಮಾಳಿಗೆಡಿಶ್ · ಶನಿವಾರ, ರಾತ್ರಿ 8:22

ನೋಡಿದೆ, 8:58ರಿಂದ ಅಂತ ತೋರಿಸ್ತಿದೆ. ಎಲ್ಲರಿಗೂ ಮನಸಾರೆ ಧನ್ಯವಾದ.